ಅಬ್ಬಿ ಹತ್ತದ ಗಾಡಿ

ದೊಡ್ಡ ಗಾಡಿ ಇಟ್ಟುಕೊಂಡವನ ಆರೋಗ್ಯವನ್ನು ನಮ್ಮ ಕಡೆ ಯಾರೂ ವಿಚಾರಿಸುವುದಿಲ್ಲ, ಗಾಡಿಯದ್ದನ್ನು ವಿಚಾರಿಸುತ್ತಾರೆ. ಕಳೆದ ಮಳೆಗಾಲದಲ್ಲಿ ನಾಲ್ಕು ದಿನ ಜ್ವರ ಬಂದು ಮಲಗಿದ್ದವನು, ಗಂಜಿ ಕುಡಿದ ಮುಖ ಹೊತ್ತುಕೊಂಡು ಸಾಲಿಗ್ರಾಮದ ಪೇಟೆಗೆ ನಡೆದು ಹೋದರೆ, ಎದುರು ಸಿಕ್ಕ ಮೂವರಲ್ಲಿ ಮೂವರೂ ಕೇಳಿದ್ದು "ಎಂತ, ಗಾಡಿ ಕಾಂತಿಲ್ಲೆ?" ಎಂದು, ಅಂದರೆ ಗಾಡಿ ಕಾಣುತ್ತಿಲ್ಲವಲ್ಲ ಎಂದು. ಲೀಟರಿಗೆ ಎಷ್ಟು ಓಡುತ್ತದೆ, ಎಷ್ಟು ಜನ ಕೂರಬಹುದು, ಹಿಂದಿನ ಸೀಟಿನಲ್ಲಿ ಮೊಣಕಾಲು ಎಲ್ಲಿಡುವುದು, ಎ.ಸಿ. ಹಾಕಿಕೊಂಡೇ ಘಾಟಿ ಹತ್ತುತ್ತದೋ, ಸಮುದ್ರದ ಗಾಳಿಗೆ ಅಡಿ ತುಕ್ಕು ಹಿಡಿಯುವುದಿಲ್ಲವೋ, ಟಯರು ಎಷ್ಟು ವರ್ಷ ಬಂತು ಎಂಬ ಪ್ರಶ್ನೆಗಳಿಗೆ ಉತ್ತರ ಕೊಟ್ಟು ಕೊಟ್ಟು ನನ್ನ ದವಡೆ ಸೋತಿದೆ. ಸೈಕಲ್ಲು ಕೊಳ್ಳುವ ಅಂದಾಜು ಕೂಡ ಇಲ್ಲದವರು ಕೇಳುತ್ತಾರೆ. ಇದ್ದದ್ದು ಇದ್ದ ಹಾಗೆ ಹೇಳಿದರೆ "ಅಷ್ಟೇಯಾ" ಎಂದು ಮರುಕಪಡುತ್ತಾರೆ. ಎರಡು ಕಿಲೋಮೀಟರು ಸೇರಿಸಿ ಹೇಳಿದರೆ ಅವರ ಷಡ್ಡಕನ ಗಾಡಿ ಅದಕ್ಕಿಂತ ಮೂರು ಹೆಚ್ಚು ಕೊಡುತ್ತದೆ. ಇಷ್ಟು ಕೇಳಿದವರಲ್ಲಿ ಒಬ್ಬರಾದರೂ, ಗಾಡಿ ಕೊಳ್ಳುವ ಮೊದಲು, "ನಿಮ್ ಅಬ್ಬಿ ಇದ್ಕೆ ಹ್ಯಾಂಗ್ ಹತ್ತುದ್?" ಎಂದು ಒಂದು ಮಾತು ಕೇಳಿದ್ದರೆ ಇದನ್ನೆಲ್ಲ ಬರೆಯುವ ಕೆಲಸ ನನಗೆ ತಪ್ಪುತ್ತಿತ್ತು. ಯಾರೂ ಕೇಳಲಿಲ್ಲ. ನಿಜ ಹೇಳಬೇಕೆಂದರೆ ನಾನೂ ಕೇಳಿಕೊಳ್ಳಲಿಲ್ಲ.

ಅಬ್ಬಿ ಎಂದರೆ ನನ್ನ ತಾಯಿ. ಮರವಂತೆಯವಳು. ಮೂವತ್ತು ವರ್ಷ ತಲೆಯ ಮೇಲೆ ಬುಟ್ಟಿ ಹೊತ್ತು ಮೀನು ಮಾರಿದವಳು. ಬೆಳಿಗ್ಗೆ ದೋಣಿ ದಡ ಮುಟ್ಟುವ ಹೊತ್ತಿಗೆ ಹೊಯಿಗೆಯ ಮೇಲೆ ನಿಂತು ಮೀನು ತೆಗೆದುಕೊಂಡು, ಬಸ್ಸು ಹಿಡಿದು, ಒಳಗಿನ ಯಾವುದಾದರೂ ಊರಿನಲ್ಲಿ ಇಳಿದು ಮನೆ ಮನೆ ತಿರುಗುತ್ತಿದ್ದಳು. ಬಸ್ಸಿನಲ್ಲಿ ಬುಟ್ಟಿಗೆ ಹಿಂದಿನ ಬಾಗಿಲ ಹತ್ತಿರ ಒಂದು ಜಾಗ, ಅಬ್ಬಿಗೂ ಅದೇ ಜಾಗ. ಸೀಟು ಖಾಲಿ ಇದ್ದರೂ ಅವಳು ಕೂರುತ್ತಿರಲಿಲ್ಲ. ತಾನು ಕೂತರೆ ಪಕ್ಕದವರು ಏಳುತ್ತಾರೆ, ಸುಮ್ಮನೆ ಯಾಕೆ ಇನ್ನೊಬ್ಬರಿಗೆ ನಿಲ್ಲುವ ಕಷ್ಟ ಎನ್ನುತ್ತಿದ್ದಳು. ಅವಳು ಹಾಗೆ ನಿಂತಿದ್ದರಿಂದ ನಾನು ಬೆಂಚಿನ ಮೇಲೆ ಕೂತು ಓದಿದೆ, ಕುಂದಾಪುರದ ಒಂದು ಕಚೇರಿಯಲ್ಲಿ ಗುಮಾಸ್ತನಾದೆ, ಶಾಲೆಯ ಟೀಚರಾಗಿದ್ದ ಸುಜಾತಳನ್ನು ಮದುವೆಯಾದೆ, ಅವಳ ಶಾಲೆಗೆ ಹತ್ತಿರವೆಂದು ಸಾಲಿಗ್ರಾಮದಲ್ಲಿ ಮನೆ ಮಾಡಿದೆ. ಅಬ್ಬಿಯನ್ನೂ ಕರೆತಂದೆ. ಅವಳ ತಲೆಯಿಂದ ಬುಟ್ಟಿ ಇಳಿಯಿತು, ಮರವಂತೆ ಇಳಿಯಲಿಲ್ಲ. ವಾರಕ್ಕೆ ಒಂದೆರಡು ಸಲ ತಂಗಿಯ ಮನೆಗೆ, ಅಂದರೆ ನನ್ನ ನಾಗು ಚಿಕ್ಕಿಯ ಮನೆಗೆ, ಹೋಗಿ ಬರದಿದ್ದರೆ ಅವಳಿಗೆ ಅನ್ನ ಸೇರುತ್ತಿರಲಿಲ್ಲ.

ಅಷ್ಟರಲ್ಲಿ ಮೊಣಗಂಟು ಕೈಕೊಟ್ಟಿತು. ಕುಂದಾಪುರದ ಡಾಕ್ಟರು ಕಾಲನ್ನು ಆಚೆ ಈಚೆ ತಿರುಗಿಸಿ ನೋಡಿ, ಇನ್ನು ಬಸ್ಸಿನ ಮೆಟ್ಟಿಲು ಹತ್ತುವುದನ್ನು ಬಿಡಬೇಕು ಎಂದರು. ನನಗೆ ಎಲ್ಲಿಂದ ಬಂತೋ ಆವೇಶ, ಆಸ್ಪತ್ರೆಯ ಅಂಗಳದಲ್ಲೇ, ಅಕ್ಕಪಕ್ಕದ ರೋಗಿಗಳಿಗೂ ಕೇಳುವ ಹಾಗೆ ಹೇಳಿಬಿಟ್ಟೆ, "ಇನ್ನ್ ನೀನ್ ಬಸ್ ಹತ್ತುದ್ ಬ್ಯಾಡ ಅಬ್ಬಿ. ನಾನ್ ಗಾಡಿ ತಕಂತೆ." ಅಬ್ಬಿ ಸೆರಗಿನಿಂದ ಮುಖ ಒರೆಸಿಕೊಂಡಳು. ಅಂಥ ಮಾತನ್ನು ಆಡುವಾಗ ಆಗುವ ಸುಖವೇ ಬೇರೆ. ಆಮೇಲಿನದ್ದೆಲ್ಲ ಸುಸ್ತು.

ಅಬ್ಬಿಯೊಬ್ಬಳಿಗೆ ಒಂದು ಸಣ್ಣ ಕಾರು ಧಾರಾಳ ಸಾಕಿತ್ತು. ಆದರೆ ಗಾಡಿ ಕೊಳ್ಳುತ್ತೇನೆ ಎಂಬ ಸುದ್ದಿ ಮನೆಯಲ್ಲಿ ಹಬ್ಬಿದ ಸಂಜೆಯಿಂದಲೇ ಗಾಡಿ ಉದ್ದವಾಗತೊಡಗಿತು. ಮಕ್ಕಳಿಬ್ಬರು ಕಿಟಕಿ ಸೀಟು ಬೇಕೆಂದರು. ಸುಜಾತಳ ತವರು ಉಪ್ಪುಂದ. ಅಲ್ಲಿಂದ ಯಾರನ್ನಾದರೂ ಕರೆತರುವುದಿದ್ದರೆ ಯಾರನ್ನು ಕೂರಿಸಿ ಯಾರನ್ನು ಬಿಡುವುದು ಎಂದು ಅವಳು ಕೇಳಿದಳು. ನಮ್ಮ ಮನೆಗೆ ತಿರುಗುವ ಮಣ್ಣಿನ ರಸ್ತೆ ಮಳೆಗಾಲದಲ್ಲಿ ಹೊಂಡವೋ ಹೊಂಡ. ಅಂತೂ ಹೆಮ್ಮಾಡಿಯಲ್ಲಿ ಗ್ಯಾರೇಜು ಇಟ್ಟಿರುವ ಬಾಬಣ್ಣ ಬ್ರಹ್ಮಾವರದ ಒಬ್ಬರ ಅಂಗಳದಲ್ಲಿದ್ದ ಏಳು ಸೀಟಿನ ಬಿಳಿ ಡೀಸೆಲ್ ಗಾಡಿಯೊಂದನ್ನು ತೋರಿಸಿದ. ಅಂಗಿ ಬಿಚ್ಚಿಟ್ಟು ಅದರ ಅಡಿಗೆ ನುಗ್ಗಿ, ಕಾಲು ಗಂಟೆ ಕಳೆದು ಹೊರಗೆ ಬಂದು ಹೇಳಿದ, "ಒಳ್ಳೆ ಎತ್ತರ ಇತ್ತ್ ಕಾಣಿ. ಎಂತಾ ಹೊಂಡ ಆದ್ರೂ ಅಡಿ ತಾಗುದಿಲ್ಲೆ." ನಾನು ಹೊಂಡವನ್ನು ನೆನೆಸಿಕೊಂಡು ತಲೆಯಾಡಿಸಿದೆ. ಮೊಣಗಂಟನ್ನು ನೆನೆಸಿಕೊಳ್ಳಬೇಕಾಗಿತ್ತು.

ಗಾಡಿಗೆ ಇದ್ದ ಹಾರ್ನು ಇಲಿಮರಿಯ ಸ್ವರದ್ದು. ಅದು ಹೈವೇಗೆ ಸಾಲದು ಎಂದು ಬಾಬಣ್ಣ, ಗುಜರಿಗೆ ಹೋದ ಮೀನಿನ ಲಾರಿಯೊಂದರ ಹಾರ್ನನ್ನು ಬಿಚ್ಚಿ ಇಟ್ಟುಕೊಂಡಿದ್ದವನು, ತನ್ನ ಉಡುಗೊರೆ ಎಂದು ಅದನ್ನು ಕೂರಿಸಿಕೊಟ್ಟ. ಎರಡು ಸ್ವರದ ಹಾರ್ನು. ಮೊದಲನೆಯದು ದಪ್ಪ, ಎರಡನೆಯದಕ್ಕೆ ಸ್ವಲ್ಪ ಒಡಕು, ಕೆಮ್ಮು ಬಂದವರು ಯಾರನ್ನೋ ಕೂಗಿದ ಹಾಗೆ. ಕಚೇರಿಯಿಂದ ಬರುವಾಗ ಹೈವೇ ಬಿಟ್ಟು ಮನೆಯ ರಸ್ತೆಗೆ ತಿರುಗುವಲ್ಲಿ ಎರಡು ಸಲ ಒತ್ತಿದರೆ ಅಡುಗೆಮನೆಯಲ್ಲಿದ್ದ ಅಬ್ಬಿ ಚಾಕ್ಕೆ ನೀರು ಇಡುತ್ತಿದ್ದಳು. ನಾನು ಕಾಲು ತೊಳೆದು ಒಳಗೆ ಬರುವಷ್ಟರಲ್ಲಿ ಚಾ ಲೋಟಕ್ಕೆ ಬಿದ್ದಿರುತ್ತಿತ್ತು. ಈ ಗಾಡಿಯಿಂದ ನನಗಾದ ಸಂಪೂರ್ಣ ನಿರ್ವಿವಾದ ಉಪಯೋಗ ಇದೊಂದೇ.

ಗಾಡಿ ಮನೆಗೆ ಬಂದ ದಿನ ಅಬ್ಬಿ ಜಗಲಿಯಿಂದ ಇಳಿದು ಬಂದು, ಬಾಗಿಲು ತೆರೆಸಿ, ಒಳಗಿನ ನೆಲವನ್ನೂ ಹೊರಗಿನ ನೆಲವನ್ನೂ ನೋಡಿದಳು. ಎರಡು ನೆಲದ ನಡುವೆ ಅವಳ ಮೊಣಗಂಟಿಗಿಂತ ಮೇಲಿನ ಅಂತರ. "ಬಸ್ಸಿಗೆ ಮೂರ್ ಮೆಟ್ಲಾರೂ ಇತ್ತ್ ಮಗಾ. ಇದ್ಕೆ ಒಂದೂ ಇಲ್ಲೆ" ಎಂದಳು. ಅವಳು ತಮಾಷೆ ಮಾಡಲಿಲ್ಲ, ಕಂಡದ್ದನ್ನು ಹೇಳಿದಳು. ಮೊದಲ ಎರಡು ಸಲ ನಾನು ಹಿಂದಿನಿಂದ, ಸುಜಾತ ಒಳಗಿನಿಂದ, ಅಂತೂ ಎತ್ತಿ ಕೂರಿಸಿದೆವು. ಮೂರನೆಯ ಸಲ ತನ್ನನ್ನು ಬುಟ್ಟಿ ಏರಿಸಿದ ಹಾಗೆ ಏರಿಸುವುದು ಬೇಡವೆಂದು ಖಡಾಖಂಡಿತವಾಗಿ ಹೇಳಿದಳು. ಬಾಬಣ್ಣ ಬಾಗಿಲ ಕೆಳಗೆ ಕಬ್ಬಿಣದ ಒಂದು ಮೆಟ್ಟಿಲು ಬೆಸುಗೆ ಹಾಕಿಸಿದ. ಆಮೇಲೆ ಸುಮಾರು ಎರಡು ತಿಂಗಳು ಅಬ್ಬಿ ಮುಂದಿನ ಸೀಟಿನಲ್ಲಿ, ಕಿಟಕಿ ಇಳಿಸಿಕೊಂಡು, ಯಾರೂ ಪಕ್ಕದಿಂದ ಏಳದ ಒಂದು ಸೀಟಿನಲ್ಲಿ ಕೂತು, ಮರವಂತೆಗೆ ಹೋಗಿ ಬಂದಳು. ನನಗೆ ದಾರಿಯುದ್ದ ತುಂಬ ಸಂತೋಷವಾಗುತ್ತಿತ್ತು.

ಮರವಂತೆಯ ನೆಂಟರ ಮನೆಯಿಂದ ಬರಿಗೈಯಲ್ಲಿ ಹೊರಟು ಬಂದವರು ಯಾರೂ ಇಲ್ಲ. ಬೇರೆ ಊರಿನಲ್ಲಿ ಹೂವು, ಹಣ್ಣು, ಎಲೆ ಅಡಿಕೆ ಕೊಟ್ಟು ಕಳಿಸಬಹುದು, ಅಲ್ಲಿ ಮೀನು. ಬಲೆಗೆ ಬಿದ್ದದ್ದರಲ್ಲಿ ನಮ್ಮ ಪಾಲು ಎಂದು ಒಂದು ಪ್ಲಾಸ್ಟಿಕ್ ತೊಟ್ಟೆ ಕಟ್ಟಿ ಕೈಗೆ ಕೊಟ್ಟರೆ ಬೇಡ ಎನ್ನುವ ಹಾಗಿಲ್ಲ, ಬೇಡ ಎಂದರೆ ಸಂಬಂಧ ಬೇಡ ಎಂದಂತೆ. ಒಂದು ದಿನ ಹೀಗೆ ಚಿಕ್ಕಿ ಕೊಟ್ಟ ಬಂಗುಡೆಯ ತೊಟ್ಟೆಯನ್ನು ಅಬ್ಬಿ ಕಾಲ ಬುಡದಲ್ಲಿ ಇಟ್ಟುಕೊಂಡಿದ್ದಳು. ತೊಟ್ಟೆಗೆ ಎಲ್ಲೋ ಒಂದು ಸೂಜಿಯಷ್ಟು ತೂತು. ಐಸು ಕರಗಿ, ಮೀನಿನ ನೀರು ಮ್ಯಾಟಿನ ಅಡಿಗೆ ಹೋಗಿ, ಅಲ್ಲಿಂದ ಸೀಟಿನ ಅಡಿಗೆ ಹೋಗಿ ಸದ್ದಿಲ್ಲದೆ ಕೂತಿತು. ನಮಗೆ ಯಾರಿಗೂ ಗೊತ್ತಾಗಲಿಲ್ಲ. ಹುಟ್ಟಿದಂದಿನಿಂದ ಮೂಗಿನಲ್ಲಿರುವ ವಾಸನೆ ಹೊಸದಾಗಿ ಗೊತ್ತಾಗುವುದಾದರೂ ಹೇಗೆ?

ಮರುದಿನ ನಮ್ಮ ಕಚೇರಿಯ ಸಾಹೇಬರನ್ನೂ ಅವರ ಹೆಂಡತಿಯನ್ನೂ ಕೊಲ್ಲೂರಿಗೆ ಕರೆದೊಯ್ಯುತ್ತೇನೆಂದು ನಾನೇ ಮೇಲೆ ಬಿದ್ದು ಹೇಳಿದ್ದೆ. ಅವರು ಬಯಲುಸೀಮೆಯ ಕಡೆಯವರು, ಮಡಿಯಲ್ಲಿ ಹೊರಟವರು. ಕಿಟಕಿ ಏರಿಸಿ ಎ.ಸಿ. ಹಾಕಿದೆ. ಹೆಮ್ಮಾಡಿಯಲ್ಲಿ ಆಕೆ ಸೆರಗನ್ನು ಮೂಗಿಗೆ ತಂದರು. ವಂಡ್ಸೆಯಲ್ಲಿ ಸಾಹೇಬರು, ಹೊರಗಿನ ಗಾಳಿ ಎಷ್ಟು ಚೆನ್ನಾಗಿದೆ ಎಂದು ಕಿಟಕಿ ಇಳಿಸಿದರು. ಕೊಲ್ಲೂರಿನಲ್ಲಿ ದರ್ಶನವಾದ ಮೇಲೆ, ತಮಗೆ ಬಸ್ಸಿನ ಪ್ರಯಾಣವೆಂದರೆ ಮೊದಲಿನಿಂದಲೂ ಇಷ್ಟ ಎಂದು ಹೇಳಿ ಬಸ್ಸಿನಲ್ಲೇ ವಾಪಸು ಹೋದರು. ಏಳು ಸೀಟಿನ ಗಾಡಿಯಲ್ಲಿ ನಾನೊಬ್ಬನೇ ಘಾಟಿ ಬುಡದಿಂದ ಸಾಲಿಗ್ರಾಮದವರೆಗೆ ಬಂದೆ. ದಾರಿಯುದ್ದ ನಾಚಿಕೆಯಾಗುತ್ತಿತ್ತು. ಯಾವುದಕ್ಕೆ ನಾಚಿಕೆಯಾಗುತ್ತಿದೆ ಎಂದು ಯೋಚಿಸಲು ಹೋಗಲಿಲ್ಲ, ಯೋಚಿಸಿದ್ದರೆ ಮುಂದಿನ ತಪ್ಪು ಆಗುತ್ತಿರಲಿಲ್ಲ.

ಆ ವಾರವಿಡೀ ಗಾಡಿಗೆ ಚಿಕಿತ್ಸೆ ನಡೆಯಿತು. ಲಿಂಬೆಹಣ್ಣು ಹಿಂಡಿದೆ, ಕಾಫಿಪುಡಿ ಇಟ್ಟೆ, ಇದ್ದಿಲು ಇಟ್ಟೆ, ಊದುಬತ್ತಿ ಹಚ್ಚಿದೆ. ಊದುಬತ್ತಿ ಹಚ್ಚಿದ ಬಂಗುಡೆಯ ವಾಸನೆ ಬರತೊಡಗಿತು. ಬಾಬಣ್ಣ ಸೀಟು ಬಿಚ್ಚಿ ಬಿಸಿಲಿಗಿಟ್ಟ, ಬಿಸಿಲಿಗಿಟ್ಟ ದಿನವೇ ಮಳೆ ಬಂತು. ಕೊನೆಗೆ ಒಂದು ದಿನ ಊಟಕ್ಕೆ ಕೂತಾಗ, ಎದುರಿಗೆ ಅದೇ ಬಂಗುಡೆಯ ಸಾರು ಇರುವಾಗ, ನಾನು ಮನೆಯವರಿಗೆಲ್ಲ ಕೇಳುವಂತೆ ಒಂದು ಕಾನೂನು ಹೊರಡಿಸಿದೆ. ಇನ್ನು ಮೇಲೆ ನಮ್ಮ ಗಾಡಿಗೆ ಮೀನು ಹತ್ತಕೂಡದು. ಹಸಿಯೂ ಇಲ್ಲ, ಒಣಗಿಸಿದ್ದೂ ಇಲ್ಲ. ಮಕ್ಕಳು ತಲೆಯಾಡಿಸಿದರು. ಸುಜಾತ ಅಬ್ಬಿಯ ಮುಖ ನೋಡಿದಳು. ಅಬ್ಬಿ ಬಟ್ಟಲಿನಲ್ಲಿದ್ದದ್ದನ್ನು ಪೂರ್ತಿ ಉಂಡು, ಕೈ ತೊಳೆದು ಬಂದು, ಬಾಗಿಲಿಗೆ ಒರಗಿ ನಿಂತು ಕೇಳಿದಳು.

"ಮೀನ್ ಹತ್ತುಕಾಗ್ದಿದ್ ಗಾಡಿಗೆ ಮೀನ್ ಮಾರ್ದಳ್ ಹ್ಯಾಂಗ್ ಹತ್ತುದ್ ಮಗಾ?"

ಅವಳ ಸ್ವರದಲ್ಲಿ ಸಿಟ್ಟಿರಲಿಲ್ಲ. ಮರುದಿನದಿಂದ ಅವಳು ಗಾಡಿ ಹತ್ತಲಿಲ್ಲ. ಮರವಂತೆಗೆ ಬಸ್ಸಿನಲ್ಲಿ ಹೋಗತೊಡಗಿದಳು, ಅದೇ ಮೂರು ಮೆಟ್ಟಿಲು, ಅದೇ ಮೊಣಗಂಟು. ನಾನು ಹೇಳಿದ್ದು ಮೀನಿಗೆ, ನಿನಗಲ್ಲ ಎಂದು ಹತ್ತು ಸಲ ಹೇಳಿದೆ. ಹೌದಪ್ಪ, ನೀನು ಹೇಳಿದ್ದು ಮೀನಿಗೇ ಎಂದು ಒಪ್ಪಿಕೊಂಡೇ ಕೊಡೆ ಹಿಡಿದು ಬಸ್ ಸ್ಟಾಪಿಗೆ ನಡೆಯುತ್ತಿದ್ದಳು. ಹಾಗಾದರೆ ಮೀನು ತಾ, ಕಾನೂನು ವಾಪಸು ತೆಗೆದುಕೊಂಡೆ ಎನ್ನಲು ನನ್ನ ಬಾಯಿಗೆ ಏನಾಗಿತ್ತು? ಈಗಲೂ ಗೊತ್ತಿಲ್ಲ. ಮನೆಯ ಯಜಮಾನ ಎಂದ ಮೇಲೆ ಒಂದು ಮಾತಾದರೂ ನಡೆಯಬೇಕು ಎಂಬ ಹುಂಬತನ ಇರಬೇಕು. ಆ ಮಳೆಗಾಲ ಕಳೆಯುವಷ್ಟರಲ್ಲಿ ಬಾಬಣ್ಣ ಹಾಕಿಸಿದ ಕಬ್ಬಿಣದ ಮೆಟ್ಟಿಲು ತುಕ್ಕು ಹಿಡಿದು ಕಳಚಿ ಬಿತ್ತು. ಹತ್ತುವವಳೇ ಇಲ್ಲದ ಮೇಲೆ ಅದನ್ನು ಪುನಃ ಹಾಕಿಸುವ ನೆನಪು ಯಾರಿಗೂ ಆಗಲಿಲ್ಲ.

ಅಬ್ಬಿಯೊಬ್ಬಳನ್ನು ಬಿಟ್ಟು ಉಳಿದ ಪ್ರಪಂಚವೆಲ್ಲ ಹತ್ತಿತು. ಬಿಳಿ ಬಣ್ಣದ ಉದ್ದ ಗಾಡಿ ಬಾಗಿಲಲ್ಲಿ ನಿಂತಿದ್ದರೆ ಬೈಂದೂರಿನಿಂದ ಬ್ರಹ್ಮಾವರದವರೆಗೆ ಎಲ್ಲಿ ಮದುವೆಯಾದರೂ ದಿಬ್ಬಣಕ್ಕೆ ನಾನು ಬೇಕು. ನಾನು ಎಂದರೆ ಗಾಡಿ. ಏಳು ಸೀಟಿಗೆ ಹತ್ತು ಜನ, ಅವರ ಮಡಿಲಲ್ಲಿ ಮಕ್ಕಳು, ಮಕ್ಕಳ ಕೈಯಲ್ಲಿ ಕರಗುವ ಐಸ್‌ಕ್ರೀಮು. ಹಿಂದಿನ ಸಾಲಿನಲ್ಲಿ ಯಾರು ಕೂರಬೇಕು ಎಂಬುದು ನಮ್ಮ ಬಳಗದಲ್ಲಿ ಆಸ್ತಿ ಪಾಲಿನಷ್ಟೇ ಸೂಕ್ಷ್ಮ ವಿಷಯ. ಅಲ್ಲಿ ಕೂರಿಸಿದ್ದಕ್ಕೆ ಸುಜಾತಳ ಸೋದರತ್ತೆಯೊಬ್ಬರು ಎರಡು ವರ್ಷ ನಮ್ಮ ಮನೆಗೆ ಬರಲಿಲ್ಲ. ಸುಜಾತಳ ಸೋದರಮಾವ ಶೀನಮಾವನಿಗೆ ವಾಯು ಪ್ರಕೃತಿ, ಮುಂದಿನ ಸೀಟೇ ಆಗಬೇಕು. ಹಿಂದೆ ಕೂತರೆ ವಾಂತಿಯಾಗುತ್ತದೆ ಎಂದು ಅವರು ಹೇಳುತ್ತಿದ್ದ ಧಾಟಿಯಲ್ಲಿ ಬೆದರಿಕೆ ಇರುತ್ತಿತ್ತು. ಒಂದು ಮದುವೆಯಲ್ಲಿ ನಾನು ಎಲ್ಲರನ್ನೂ ಇಳಿಸಿ, ಗಾಡಿಯನ್ನು ಗದ್ದೆಯ ಅಂಚಿನಲ್ಲಿ ನಿಲ್ಲಿಸಿ ಬರುವಷ್ಟರಲ್ಲಿ, ಹುಡುಗಿಯ ಕಡೆಯವರೊಬ್ಬರು ಹೆಗಲು ತಟ್ಟಿ, ಡ್ರೈವರುಗಳ ಪಂಕ್ತಿ ಹಿತ್ತಿಲ ಕಡೆ ಕೂತಿದೆ, ಬೇಗ ಹೋಗಿ ಎಂದರು. ನಾನು ಗಂಡಿನ ಕಡೆಯವನು ಎಂದು ಹೇಳಲು ಬಾಯಿ ತೆರೆದವನು ಸುಸ್ತಾಗಿ ಮುಚ್ಚಿದೆ, ಹೋಗಿ ಕೂತೆ. ಊಟ ಚೆನ್ನಾಗಿತ್ತು. ಅಲ್ಲಿ ಯಾರೂ ಲೀಟರಿಗೆ ಎಷ್ಟು ಎಂದು ಕೇಳಲಿಲ್ಲ, ಅವರಿಗೆಲ್ಲ ಗೊತ್ತಿತ್ತು. ಅಂದಿನಿಂದ ನಾನು ಕೇಳದೆಯೇ ಹಿತ್ತಿಲ ಪಂಕ್ತಿಗೆ ಹೋಗುತ್ತೇನೆ.

ಇನ್ನು ಹೇಳಬೇಕಾದ್ದನ್ನು ಹೇಳುತ್ತೇನೆ. ಒಂದು ಆದಿತ್ಯವಾರ ಬ್ರಹ್ಮಾವರದಲ್ಲಿ ಸುಜಾತಳ ಕಡೆಯ ಮದುವೆ. ಬೆಳಿಗ್ಗೆ ನಾನು ಸುಜಾತಳನ್ನು ಕೂರಿಸಿಕೊಂಡು ಉಪ್ಪುಂದಕ್ಕೆ ಹೋಗಿ ಅವಳ ಬಳಗವನ್ನು ತುಂಬಿಕೊಂಡು ಬರುವುದೆಂದಾಗಿತ್ತು. ಅಬ್ಬಿ ಮದುವೆಗೆ ಬರುವುದಿಲ್ಲ, ಮರವಂತೆಗೆ ಹೋಗುತ್ತೇನೆ ಎಂದು ಮೊದಲ ಬಸ್ಸಿಗೇ ಹೋಗಿದ್ದಳು. ಉಪ್ಪುಂದದಲ್ಲಿ ಸೀರೆಯ ನೆರಿಗೆಗಳೆಲ್ಲ ಸರಿಯಾಗಿ, ಶೀನಮಾವ ಮುಂದಿನ ಸೀಟಿನಲ್ಲಿ ಸ್ಥಾಪನೆಯಾಗಿ ಹೊರಡುವಾಗಲೇ ಮುಕ್ಕಾಲು ಗಂಟೆ ತಡ. ಧಾರೆ ತಪ್ಪುತ್ತದೆ ಎಂದು ಹಿಂದಿನಿಂದ ಆರು ಬಾಯಿಗಳು ಹೇಳುತ್ತಿದ್ದವು. ಮರವಂತೆ ಹತ್ತಿರವಾಗುವಾಗ ನಮ್ಮ ಮುಂದೆ ಒಂದು ಬಸ್ಸು. ಆ ದಾರಿ ನೋಡಿದವರಿಗೆ ಗೊತ್ತು, ಈ ಕಡೆ ಸಮುದ್ರ, ಆ ಕಡೆ ಹೊಳೆ, ನಡುವೆ ರಸ್ತೆ, ಆಗಿನ್ನೂ ಅದು ಅಗಲವಾಗಿರಲಿಲ್ಲ. ಎದುರಿನಿಂದ ಸಾಲುಸಾಲಾಗಿ ಲಾರಿಗಳು. ಮರವಂತೆಯ ಸ್ಟಾಪಿನಲ್ಲಿ ಬಸ್ಸು ನಿಂತಿತು. ನಿಂತದ್ದು ನಿಂತೇ ಇತ್ತು.

ನಾನು ಹಾರ್ನು ಒತ್ತಿದೆ. ಬಸ್ಸು ಅಲುಗಲಿಲ್ಲ. ಪುನಃ ಒತ್ತಿದೆ. ಶೀನಮಾವ ಎಡಗಡೆಯ ಕಿಟಕಿಯಿಂದ ತಲೆ ಹೊರಗೆ ಹಾಕಿ ನೋಡಿ, "ಯಾವ್ದೋ ಮುದ್ಕಿ ಹತ್ತುಕೆ ಒದ್ದಾಡ್ತಿತ್ತ್" ಎಂದು ವರದಿ ಕೊಟ್ಟರು. ಇಂಥವರೆಲ್ಲ ಯಾಕಾದರೂ ಮನೆ ಬಿಟ್ಟು ಹೊರಡುತ್ತಾರೋ ಎಂದು ನಾನೇ ಹೇಳಿದೆ. ಯಾರೋ ಬೇರೆಯವರು ಹೇಳಿದ್ದು ಎಂದು ಬರೆದರೆ ನಿಮಗೆ ಗೊತ್ತಾಗುವುದಿಲ್ಲ, ಆದರೆ ಹೇಳಿದ್ದು ನಾನು. ಹೇಳಿ ಹಾರ್ನಿನ ಮೇಲೆ ಅಂಗೈ ಊರಿದೆ. ಮೀನಿನ ಲಾರಿಯ ಹಾರ್ನು, ದಪ್ಪ ಸ್ವರ, ಒಡಕು ಸ್ವರ, ದಪ್ಪ ಸ್ವರ, ಒಡಕು ಸ್ವರ. ಕಂಡಕ್ಟರು ಸೀಟಿ ಊದಿದ. ಬಸ್ಸು ಹೊರಟುಹೋಯಿತು. ಅದು ಸರಿದ ಜಾಗದಲ್ಲಿ ಒಂದು ಕೈಯಲ್ಲಿ ಕೊಡೆ, ಇನ್ನೊಂದು ಕೈಯಲ್ಲಿ ತೊಟ್ಟೆ ಹಿಡಿದು, ಹತ್ತಲಾಗದೆ ಉಳಿದ ಅಬ್ಬಿ ನಿಂತಿದ್ದಳು.

ಗಾಡಿಯನ್ನು ರಸ್ತೆ ಬದಿಗೆ ಹೇಗೆ ತಂದು ನಿಲ್ಲಿಸಿದೆನೋ ನೆನಪಿಲ್ಲ. ಒಳಗಿದ್ದ ಹತ್ತು ಜನರನ್ನು ಹಾಗೇ ಬಿಟ್ಟು ನಾನು ಇಳಿದು ಓಡಿದೆ. ಅವಳು ನನ್ನನ್ನು ನೋಡಿ ಆಶ್ಚರ್ಯಪಡಲಿಲ್ಲ. ಧಾರೆಗೆ ಹೊತ್ತಾಗುತ್ತದೆ, ನೀವು ಹೋಗಿ, ಇನ್ನೊಂದು ಬಸ್ಸು ಬರುತ್ತದೆ ಎಂದಳು. ಆಮೇಲೆ ತೊಟ್ಟೆಯನ್ನು ಸ್ವಲ್ಪ ಹಿಂದಕ್ಕೆ ಸರಿಸಿಕೊಂಡು, "ಮೀನ್ ಇತ್ತ್ ಮಗಾ" ಎಂದಳು.

ನನಗೆ ಅಳು ಬಂತು. ರಸ್ತೆ ಬದಿಯಲ್ಲಿ, ಮದುವೆಗೆಂದು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ನಲವತ್ತು ದಾಟಿದ ಗಂಡಸು. "ಇರ್ಲಿ ಅಬ್ಬಿ, ಹತ್ತ್" ಎಂದೆ. ಶೀನಮಾವ ನಾನು ಹೇಳುವ ಮೊದಲೇ ಮುಂದಿನ ಸೀಟಿನಿಂದ ಇಳಿದು, ವಾಯುವನ್ನೂ ವಾಂತಿಯನ್ನೂ ಮರೆತು, ಹಿಂದಿನ ಸಾಲಿನಲ್ಲಿ ಮಕ್ಕಳ ಜೊತೆ ತೂರಿಕೊಂಡರು. ಆದರೆ ಹತ್ತುವುದು ಹೇಗೆ? ಮೆಟ್ಟಿಲು ತುಕ್ಕು ಹಿಡಿದು ಬಿದ್ದು ವರ್ಷವಾಗಿತ್ತು. ಅಬ್ಬಿ ಎತ್ತಿಸಿಕೊಳ್ಳುವವಳಲ್ಲ. ಆಗ ಸ್ಟಾಪಿನ ಪಕ್ಕದಲ್ಲಿ ಮೀನು ಮಾರುತ್ತ ಕೂತಿದ್ದ ಗಿರಿಜಕ್ಕ, ಅಬ್ಬಿಯ ಹಳೆಯ ಜೊತೆಗಾರ್ತಿ, ಎದ್ದು, ಮೀನು ತುಂಬುವ ನೀಲಿ ಪ್ಲಾಸ್ಟಿಕ್ ಕ್ರೇಟೊಂದನ್ನು ಖಾಲಿ ಮಾಡಿ, ನೀರು ಕೊಡವಿ, ತಂದು ಬಾಗಿಲ ಬುಡದಲ್ಲಿ ಕವುಚಿ ಹಾಕಿದಳು. ಅಬ್ಬಿ ಅದರ ಮೇಲೆ ಕಾಲಿಟ್ಟಳು, ಬಾಗಿಲು ಹಿಡಿದಳು, ಹತ್ತಿ ಕೂತಳು. ಅಷ್ಟೇ. ಅಷ್ಟು ಸುಲಭದ ಕೆಲಸ. ನಾನು ಕ್ರೇಟನ್ನು ಗಿರಿಜಕ್ಕನಿಗೆ ವಾಪಸು ಕೊಡಲು ಹೋದರೆ ಅವಳು ನನ್ನನ್ನು ಒಬ್ಬ ದಡ್ಡನನ್ನು ನೋಡುವಂತೆ ನೋಡಿ, "ಇಳ್ಸುದ್ ಹ್ಯಾಂಗ್? ತಕಂಡ್ ಹೋಗ್" ಎಂದಳು. ಹಾಗೆ ಮೀನಿನ ತೊಟ್ಟೆಯ ಹಿಂದೆಯೇ ಮೀನಿನ ಕ್ರೇಟೂ ಗಾಡಿ ಹತ್ತಿತು.

ಕುಂದಾಪುರದ ಸೇತುವೆಯವರೆಗೆ ರೇಷ್ಮೆ ಸೀರೆಗಳ ಮೇಲೆ ಬಂಗುಡೆಯ ವಾಸನೆ ಮೆಲ್ಲಗೆ ಹರಡುತ್ತಿತ್ತು, ಯಾರೂ ಮೂಗು ಮುಚ್ಚಲಿಲ್ಲ. ಸೇತುವೆಯ ಮೇಲೆ ಅಬ್ಬಿ ಕಿಟಕಿಯಾಚೆ ನೋಡುತ್ತಲೇ ಹೇಳಿದಳು. "ನಾನ್ ಹತ್ತಿ ಆತಿತ್ತ್. ಹಿಂದೆ ಯಾವ್ದೋ ಗಾಡಿಯವ ಹಾರ್ನ್ ಹಾಕಿ ಹಾಕಿ ಕಂಡಕ್ಟ್ರಿಗೆ ಗಡಿಬಿಡಿ ಆಯ್ತ್. ಅವ್ನನ್ ಹೆತ್ತಳ್ ಎಲ್ಲಿ ಇದ್ಲೋ ಎಂತೋ."

ಕನ್ನಡಿಯಲ್ಲಿ ನನಗೆ ಶೀನಮಾವನ ಕಣ್ಣು ಕಂಡಿತು, ಅವರಿಗೆ ನನ್ನದು. ಸುಜಾತ ಕೆಮ್ಮಿದಳು. ಸಾಲಿಗ್ರಾಮದಲ್ಲಿ ಅಬ್ಬಿಯನ್ನು ಕ್ರೇಟಿನ ಮೇಲೆ ಇಳಿಸಿ, ಮೀನು ಒಳಗಿಟ್ಟು, ಬ್ರಹ್ಮಾವರ ಮುಟ್ಟುವಾಗ ಧಾರೆ ಮುಗಿದು ಊಟದ ಎಲೆ ಹಾಕುತ್ತಿದ್ದರು. ನಾನು ಸೀದಾ ಹಿತ್ತಿಲ ಪಂಕ್ತಿಗೆ ಹೋದೆ. ಪಕ್ಕದ ಡ್ರೈವರು ಒಮ್ಮೆ ಮೂಸಿ ನೋಡಿ, ಮೀನಿನ ಲೋಡಾ ಎಂದು ಕೇಳಿದ. ಹೌದು ಎಂದೆ.

ಅಂದಿನಿಂದ ಕ್ರೇಟು ಗಾಡಿಯಲ್ಲೇ ಇದೆ, ಕಾನೂನು ಇಲ್ಲ. ಅಬ್ಬಿ ಮುಂದಿನ ಸೀಟಿನಲ್ಲಿ ಕೂರುತ್ತಾಳೆ, ಕಾಲ ಬುಡದಲ್ಲಿ ತೊಟ್ಟೆ ಇರುತ್ತದೆ. ನನ್ನ ಮನಸ್ಸಿಗೆ ಹಗುರವಾಗಬೇಕಿತ್ತು. ಆಗಲಿಲ್ಲ. ಯಾಕೆಂದರೆ ಹಾರ್ನು ಹಾಕಿದವನು ನಾನೇ ಎಂದು ನಾನು ಅಬ್ಬಿಗೆ ಹೇಳಲಿಲ್ಲ. ಮೊದಲ ದಿನ ಧೈರ್ಯ ಬರಲಿಲ್ಲ, ಎರಡನೆಯ ದಿನ ಹೊತ್ತಾಗಿಬಿಟ್ಟಿತ್ತು. ಅವಳೋ, ಗಾಡಿಗೆ ಹೊಸಬರು ಯಾರು ಹತ್ತಿದರೂ ಆ ಕಥೆ ಹೇಳುತ್ತಾಳೆ. ಯಾವನೋ ಗಾಡಿಯವನು, ಆ ಹಾರ್ನು, ಹೋದ ಬಸ್ಸು, ಅಷ್ಟರಲ್ಲಿ ದೇವರ ಹಾಗೆ ಬಂದ ತನ್ನ ಮಗ. ಪ್ರತಿ ಸಲ ನಾನು ಸ್ಟಿಯರಿಂಗ್ ಹಿಡಿದು, ಹೊರಗೆ ದೇವರ ಮುಖ ಮಾಡಿಕೊಂಡು, ಒಳಗೆ ಯಾವನೋ ಗಾಡಿಯವನಾಗಿ ಕೂತಿರುತ್ತೇನೆ.

ಆ ದಿನ ಗಾಡಿಯಲ್ಲಿದ್ದ ಹತ್ತು ಜನರು ಒಂದು ವಿಷಯದಲ್ಲಿ ಅಸಾಧ್ಯ ಒಳ್ಳೆಯವರು. ಒಬ್ಬರೂ ಅಬ್ಬಿಗೆ ಬಾಯಿ ಬಿಡಲಿಲ್ಲ. ಆದರೆ ಅಂದಿನಿಂದ ಅವರಲ್ಲಿ ಯಾರು ಗಾಡಿ ಕೇಳಿದರೂ ಇಲ್ಲವೆನ್ನುವ ಅಧಿಕಾರ ನನ್ನ ಕೈತಪ್ಪಿತು. ಶೀನಮಾವ ಫೋನು ಮಾಡಿ, "ಹ್ವಾಯ್, ಆಯ್ತವಾರ ಒಂದ್ ಬ್ರಹ್ಮಾವರಕ್ಕೆ ಹೋಯ್ಕಿತ್ತ್" ಎನ್ನುತ್ತಾರೆ. ನಾನು ಸುಸ್ತು, ಸರ್ವೀಸು, ಬ್ರೇಕು ಎಂದು ಏನೋ ಹೇಳಹೊರಟರೆ "ಹಾರ್ನ್ ಸಮ ಇತ್ತಲೆ?" ಎಂದು ತುಂಬ ಕಾಳಜಿಯಿಂದ ವಿಚಾರಿಸುತ್ತಾರೆ. ನಾನು ಎಷ್ಟು ಗಂಟೆಗೆ ಬರಬೇಕು ಎಂದು ಕೇಳುತ್ತೇನೆ.

ಇದು ಹೀಗೇ ವರ್ಷಗಟ್ಟಲೆ ನಡೆದು ನನಗೆ ಆ ಹಾರ್ನಿನ ಮುಖ ನೋಡುವುದೇ ಬೇಡವಾಯಿತು. ಒಂದು ದಿನ ಬಾಬಣ್ಣನಲ್ಲಿಗೆ ಹೋಗಿ ಅದನ್ನು ಕಿತ್ತುಹಾಕಿ ಬೇರೆ ಯಾವುದಾದರೂ ಸಾಧು ಹಾರ್ನು ಕೂರಿಸಲು ಹೇಳಿದೆ. ಇಷ್ಟು ಒಳ್ಳೆಯ ಹಾರ್ನು ಯಾಕೆ ತೆಗೆಸುತ್ತೀರಿ ಎಂದು ಅವನು ಮೂರು ಸಲ ಕೇಳಿದ, ನಾನು ಮೂರು ಸಲವೂ ಮಾತು ತೇಲಿಸಿದೆ. ಸಂಜೆ ಮನೆಯ ರಸ್ತೆಗೆ ತಿರುಗುವಲ್ಲಿ ಎರಡು ಸಲ ಒತ್ತಿದೆ. ಕೈಕಾಲು ತೊಳೆದು ಒಳಗೆ ಬಂದರೆ ಒಲೆಯ ಮೇಲೆ ಏನೂ ಇರಲಿಲ್ಲ. ಅಬ್ಬಿ ಜಗಲಿಯಲ್ಲಿ ಕಾಲು ಚಾಚಿ ಕೂತು ಮೊಣಗಂಟಿಗೆ ಎಣ್ಣೆ ತಿಕ್ಕುತ್ತಿದ್ದಳು. ನನ್ನನ್ನು ಕಂಡು ಮೆಲ್ಲಗೆ ಎದ್ದು, ನೀರಿಡಲು ಒಳಗೆ ಹೋಗುತ್ತ, ಬೆನ್ನು ತಿರುಗಿಸಿಕೊಂಡೇ ಹೇಳಿದಳು.

"ಹಾರ್ನ್ ಎಂತಕೆ ತೆಗ್ಸ್ದೆ ಮಗಾ? ಸಾಲಿಗ್ರಾಮದಗ್ ಆಯ್ಲಿ, ಮರವಂತ್ಯಗ್ ಆಯ್ಲಿ, ಆ ಸ್ವರ ಕೇಂಡ್ರೆ ನೀನೇ ಅಂದ್ ನಂಗ್ ಗೊತ್ತಾತಿತ್ತ್."

ನಾನು ಚಾ ಕುಡಿದೆ. ಸಕ್ಕರೆ ಸರಿಯಾಗಿಯೇ ಇತ್ತು. ಮರುದಿನ ಬೆಳಿಗ್ಗೆ ಕಚೇರಿಗೆ ತಡವಾದರೂ ಪರವಾಗಿಲ್ಲವೆಂದು ಹೆಮ್ಮಾಡಿಗೆ ಹೋಗಿ ಹಳೆಯ ಹಾರ್ನನ್ನೇ ವಾಪಸು ಹಾಕಿಸಿಕೊಂಡು ಬಂದೆ. ಬಾಬಣ್ಣ ಈ ಸಲ ಯಾಕೆಂದು ಕೇಳಲಿಲ್ಲ, ಲೀಟರಿಗೆ ಈಗ ಎಷ್ಟು ಓಡುತ್ತಿದೆ ಎಂದು ಕೇಳಿದ. ಆ ಹಾರ್ನನ್ನು ನಾನು ಈಗ ದಿನಕ್ಕೆ ಎರಡೇ ಸಲ ಒತ್ತುತ್ತೇನೆ, ಮನೆಯ ರಸ್ತೆಯ ತಿರುವಿನಲ್ಲಿ, ಚಾಕ್ಕೆ. ಹೈವೇಯಲ್ಲಿ ಮುಂದೆ ಬಸ್ಸು ನಿಂತರೆ ಎರಡು ಕೈಯನ್ನೂ ತೊಡೆಯ ಮೇಲೆ ಇಟ್ಟುಕೊಂಡು, ಹತ್ತುವವರು ಹತ್ತಿ ಮುಗಿಯುವವರೆಗೆ ಕಾಯುತ್ತೇನೆ. ನನ್ನ ಹಿಂದಿನ ಗಾಡಿಯವರು ಹಾರ್ನಿನ ಮೇಲೆ ಹಾರ್ನು ಹಾಕಿ, ಓವರ್‌ಟೇಕ್ ಮಾಡುವಾಗ ಕಿಟಕಿ ಇಳಿಸಿ ನನ್ನನ್ನೂ ನನ್ನನ್ನು ಹೆತ್ತವಳನ್ನೂ ಸೇರಿಸಿ ಬೈದು ಹೋಗುತ್ತಾರೆ. ಹೆತ್ತವಳು ಪಕ್ಕದ ಸೀಟಿನಲ್ಲೇ ಕೂತು, ಕಾಲ ಬುಡದ ತೊಟ್ಟೆಯನ್ನು ನೆಟ್ಟಗೆ ಮಾಡಿಕೊಂಡು, ಅವರ ಕಡೆ ಒಮ್ಮೆ ನೋಡಿ, ಆಮೇಲೆ ನನ್ನ ಕಡೆ ನೋಡುತ್ತಾಳೆ.